ಮಾವುತನ ಮಗ ಸಾಬು ಮತ್ತು ಬೆಟ್ಟದ ಮೇಲಿನ ಒಂಟಿ ಅರಮನೆ

ಆನೆ ಕಂಡೇ ಬೆಳೆದ ಕೊಳ್ಳೇಗಾಲ, ಹನೂರು, ಯಳಂದೂರಿನವರಿಗೆ ಸಾಬು ದೂರದವರೇನಲ್ಲ. 1924ರಲ್ಲಿ ಎಚ್.ಡಿ. ಕೋಟೆ ಕಡೆಯ ಕಾರಾಪುರದಲ್ಲಿ ಹುಟ್ಟಿದ ಮಾವುತನ ಮಗ. ಅಪ್ಪ ಬೇಗ ತೀರಿಕೊಂಡರು, ಹುಡುಗ ಮೈಸೂರು ಮಹಾರಾಜರ ಆನೆ ಲಾಯ ಸೇರಿದ. 'ಎಲಿಫೆಂಟ್ ಬಾಯ್' (1937) ತೆಗೆಯಲು ಬಂದ ಬ್ರಿಟಿಷ್ ಸಿನಿಮಾದವರ ಕಣ್ಣಿಗೆ ಬಿದ್ದು ಇಂಗ್ಲೆಂಡಿಗೂ ಹೋದ.

1947ರಲ್ಲಿ 'ಬ್ಲ್ಯಾಕ್ ನಾರ್ಸಿಸಸ್' ಬಂತು. ಹಿಮಾಲಯದ ತುದೀಲಿ ಒಂಟಿ ಹಳೇ ಅರಮನೆ, ಅಲ್ಲಿಗೆ ಬಂದ ಕ್ರೈಸ್ತ ಸನ್ಯಾಸಿನಿಯರು. ದೆವ್ವ ಗಿವ್ವ ಏನೂ ಇಲ್ಲ. ಬಿಡದೆ ಬೀಸೋ ಗಾಳಿಗೇ ಮನಸ್ಸು ಕೆಡುತ್ತೆ, ಒಬ್ಬಾಕೆ ಕೊಲೆಗೂ ಕೈ ಹಾಕ್ತಾಳೆ. ಸಾಬುಗೆ ರಾಜಮನೆತನದ ಯುವಕನ ಪಾತ್ರ. ತಮಾಷೆ ಅಂದ್ರೆ, ಆ ಹಿಮಾಲಯವೆಲ್ಲ ಪೈನ್‌ವುಡ್ ಸ್ಟುಡಿಯೋದ ಬಣ್ಣದ ಚಿತ್ರ! ಬೆಟ್ಟದ ಹುಡುಗಿಯೂ ಮೈಗೆ ಬಣ್ಣ ಬಳಿದುಕೊಂಡ ಇಂಗ್ಲಿಷ್ ನಟಿ. ಮುಖ್ಯ ಪಾತ್ರಗಳಲ್ಲಿ ನಿಜವಾದ ಭಾರತೀಯ ಮುಖ ನಮ್ಮ ಕಾರಾಪುರದವರದ್ದೇ.

1963ರ ಡಿಸೆಂಬರ್ 2ರಂದು ಅಮೆರಿಕದಲ್ಲಿ ಹೃದಯಾಘಾತದಿಂದ ಸಾಬು ತೀರಿಕೊಂಡರು. ಆಗ ವಯಸ್ಸು ಬರೀ 39.