ಆಲಸ್ಯ ಒಪ್ಪಿಕೊಂಡ ಚಕ್ರವರ್ತಿ: ಕೊಪ್ಪಳದ ಬಂಡೆ ಮೇಲೆ ಅಶೋಕನ ಬದುಕು

ಅಳವಂಡಿ: ಪಿಎಸ್‌ಐ, ಎಫ್‌ಡಿಎ, ಕೆಎಎಸ್ ಅಂತ ಓದುತ್ತಿರುವ ನಮ್ಮೂರ ಕಡೆ ಹುಡುಗರನ್ನು ಕೇಳಿ ನೋಡ್ರಿ. ಕೊಪ್ಪಳದಲ್ಲಿ ಅಶೋಕನ ಶಾಸನ ಎಲ್ಲಿವೆ ಅಂದರೆ ಗವಿಮಠ, ಪಾಲ್ಕಿಗುಂಡು ಅಂತ ಥಟ್ಟನೆ ಹೇಳ್ತಾರೆ. ಒಂದು ಮಾರ್ಕ್ಸಿನ ಪ್ರಶ್ನೆ ಅದು. ಅದರಲ್ಲಿ ಏನು ಬರೆದೈತಿ ಅಂತ ಇನ್ನೊಂದು ಪ್ರಶ್ನೆ ಕೇಳಿದರೆ ಸುಮ್ಮನಾಗ್ತಾರೆ.

ಮೊನ್ನೆ ಮೊನ್ನೆವರೆಗೂ ನಾನೂ ಅದೇ ಗುಂಪಿನವ. ಅಳವಂಡಿಯಿಂದ ಕೊಪ್ಪಳಕ್ಕೆ ಎಷ್ಟು ಸಲ ಬಸ್ ಹತ್ತಿದ್ದೇನೋ ಲೆಕ್ಕ ಇಲ್ಲ. ಗವಿಸಿದ್ಧೇಶ್ವರ ಜಾತ್ರೆಗೆ ಹೋಗಿ, ತೇರು ನೋಡಿ, ದಾಸೋಹದಲ್ಲಿ ಉಂಡು ಬಂದಿದ್ದೇನೆ. ಬೆಟ್ಟದ ಮೇಲಿನ ಆ ಬಂಡೆ ಹತ್ತಿರ ಹೋಗಬೇಕು ಅಂತ ಮಾತ್ರ ಅನಿಸಿರಲಿಲ್ಲ. ಅಲ್ಲಿ ಬರೆಸಿದವನ ಕಥೆ ತಿಳಿದ ಮೇಲೆ ಅದು ಎಷ್ಟು ದೊಡ್ಡ ತಪ್ಪು ಅಂತ ಗೊತ್ತಾಯಿತು.

ಪಾಟಲಿಪುತ್ರದ ರಾಜಕುಮಾರ

ಅಶೋಕ ಮೌರ್ಯ ವಂಶದ ಮೂರನೇ ದೊರೆ. ಅಜ್ಜ ಚಂದ್ರಗುಪ್ತ, ತಂದೆ ಬಿಂದುಸಾರ. ಈಗಿನ ಪಟ್ನಾ, ಅಂದರೆ ಆಗಿನ ಪಾಟಲಿಪುತ್ರ ರಾಜಧಾನಿ. ಕ್ರಿ.ಪೂ. 268ರ ಸುಮಾರಿಗೆ ಪಟ್ಟಕ್ಕೆ ಬಂದ.

ಗದ್ದುಗೆಗಾಗಿ 99 ಮಂದಿ ಅಣ್ಣತಮ್ಮಂದಿರನ್ನು ಕೊಂದ ಅಂತ ಶ್ರೀಲಂಕಾದ ಬೌದ್ಧ ಗ್ರಂಥಗಳು ಹೇಳುತ್ತವೆ. ಆದರೆ ಅವನದೇ ಶಾಸನವೊಂದರಲ್ಲಿ ಅವನ ಅಣ್ಣತಮ್ಮ, ಅಕ್ಕತಂಗಿಯರ ಮನೆಗಳಲ್ಲಿ ಅಧಿಕಾರಿಗಳು ಕೆಲಸ ಮಾಡುತ್ತಿದ್ದ ಮಾತು ಬರುತ್ತದೆ. ಹಾಗಾಗಿ 99ರ ಲೆಕ್ಕವನ್ನು ಪೂರ್ತಿ ನಂಬುವಂತಿಲ್ಲ. ಮೊದಲು ಭಾರೀ ಕ್ರೂರಿ, ಆಮೇಲೆ ಸಂತ ಅಂತ ತೋರಿಸಿದರೆ ಕಥೆಗೆ ಕಳೆ ಬರುತ್ತದಲ್ಲ, ಅದಕ್ಕೇ ಹಾಗೆ ಬರೆದಿರಬಹುದು.

ಕಳಿಂಗದ ಲೆಕ್ಕ

ಪಟ್ಟಕ್ಕೆ ಬಂದು ಎಂಟು ವರ್ಷವಾದಾಗ ಕಳಿಂಗದ ಮೇಲೆ ಯುದ್ಧ ಮಾಡಿದ. ಕಳಿಂಗ ಅಂದರೆ ಈಗಿನ ಒಡಿಶಾ ಕಡೆ. ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಸೆರೆ ಹಿಡಿದು ಒಯ್ದರು, ಇನ್ನೂ ಅದೆಷ್ಟೋ ಪಟ್ಟು ಮಂದಿ ಆಮೇಲೆ ತೀರಿಹೋದರು. ಈ ಲೆಕ್ಕ ಕೊಟ್ಟವರು ಶತ್ರುಗಳಲ್ಲ, ಸ್ವತಃ ಅಶೋಕನೇ. ಗೆದ್ದ ರಾಜ ತನ್ನ ಗೆಲುವಿಗೆ ತಾನೇ ಮರುಗಿ ಬಂಡೆ ಮೇಲೆ ಬರೆಸಿದ.

ಇಲ್ಲಿ ಇನ್ನೆರಡು ಸಂಗತಿ ಹೇಳಲೇಬೇಕು. ಪಶ್ಚಾತ್ತಾಪ ಪಟ್ಟರೂ ಕಳಿಂಗವನ್ನು ಅವನು ವಾಪಸ್ ಕೊಡಲಿಲ್ಲ. ಬೇರೆ ಕಡೆ ಬರೆಸಿದ ಆ ಪಶ್ಚಾತ್ತಾಪದ ಶಾಸನವನ್ನು ಕಳಿಂಗದ ಧೌಲಿ, ಜೌಗಡದ ಬಂಡೆಗಳಲ್ಲಿ ಬರೆಸಲೂ ಇಲ್ಲ. ನೊಂದವರ ಮುಂದೆ ಆ ಮಾತು ಎತ್ತುವುದು ಅವನಿಗೂ ಕಷ್ಟವಾಗಿರಬೇಕು. ಅವನು ದೇವರಲ್ಲ, ರಾಜ್ಯ ಆಳುವ ಮನುಷ್ಯ.

ಆದರೂ ಬದಲಾದದ್ದು ಸುಳ್ಳಲ್ಲ. ಅರಮನೆ ಅಡುಗೆಮನೆಯಲ್ಲಿ ಪ್ರಾಣಿಗಳ ಕೊಲೆಗೆ ಕಡಿವಾಣ ಹಾಕಿದ. ದಿನಕ್ಕೆ ಎರಡು ನವಿಲು, ಒಂದು ಜಿಂಕೆ, ಆ ಜಿಂಕೆಯೂ ದಿನಾ ಅಲ್ಲ ಅಂತ ಲೆಕ್ಕ ಬರೆಸಿದ. ಮುಂದೆ ಅದನ್ನೂ ನಿಲ್ಲಿಸುವುದಾಗಿ ಹೇಳಿದ. ದಾರಿ ಬದಿ ಮರ ನೆಡಿಸಿದ, ಬಾವಿ ತೋಡಿಸಿದ, ಮನುಷ್ಯರಿಗೂ ದನಕರುಗಳಿಗೂ ಔಷಧ ಸಿಗುವಂತೆ ಮಾಡಿದ. ಊಟ ಮಾಡುತ್ತಿದ್ದರೂ ಸರಿ, ಅಂತಃಪುರದಲ್ಲಿದ್ದರೂ ಸರಿ, ಜನರ ಸುದ್ದಿ ತನಗೆ ಮುಟ್ಟಿಸಬೇಕು ಅಂತ ಆಜ್ಞೆ ಮಾಡಿದ.

ನಮ್ಮ ಸೀಮೆಗೆ ಬಂದದ್ದು

ನಮ್ಮ ಕೊಪ್ಪಳದ ಶಾಸನ ಕಳಿಂಗ ಯುದ್ಧದ ನಂತರದ್ದು. ಗವಿಮಠದ ಬಂಡೆ ಮೇಲೆ ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಅದರ ತಾತ್ಪರ್ಯ ಇಷ್ಟು: ತಾನು ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಮೇಲಾಯಿತು, ಆದರೆ ಮೊದಮೊದಲು ಸರಿಯಾಗಿ ಪ್ರಯತ್ನ ಪಡಲಿಲ್ಲ ಅಂತ ರಾಜ ಒಪ್ಪಿಕೊಳ್ಳುತ್ತಾನೆ. ಸಂಘದ ಹತ್ತಿರ ಹೋಗಿ ವರ್ಷದ ಮೇಲಾಯಿತು, ಆಗಿನಿಂದ ಮನಸ್ಸಿಟ್ಟು ದುಡಿದಿದ್ದೇನೆ, ಅದರ ಫಲ ಈಗ ಕಾಣುತ್ತಿದೆ ಅನ್ನುತ್ತಾನೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲೂ ಇದೇ ಶಾಸನ ಇದೆ. ಸರಿಯಾಗಿ ಪ್ರಯತ್ನ ಪಡದೆ ಕಳೆದದ್ದು ಒಂದು ವರ್ಷ ಅಂತ ಅಲ್ಲಿ ಲೆಕ್ಕವೂ ಇದೆ.

ಮುಂದಿನ ಮಾತು ಇನ್ನೂ ದೊಡ್ಡದು. ಈ ಫಲ ದೊಡ್ಡವರಿಗೆ ಮಾತ್ರ ಸಿಗುವಂಥದ್ದಲ್ಲ, ಪ್ರಯತ್ನ ಪಟ್ಟರೆ ಸಣ್ಣವರಿಗೂ ಸ್ವರ್ಗ ಸಿಗುತ್ತದೆ. ಸಣ್ಣವರು, ದೊಡ್ಡವರು ಎಲ್ಲರೂ ಪ್ರಯತ್ನ ಮಾಡಲಿ. ಗಡಿ ಆಚೆಯವರಿಗೂ ಇದು ಗೊತ್ತಾಗಲಿ. ಈ ಪ್ರಯತ್ನ ಬಹುಕಾಲ ನಿಲ್ಲಲಿ, ಒಂದೂವರೆ ಪಟ್ಟು ಬೆಳೆಯಲಿ ಅನ್ನುವುದು ಅದರ ಆಶಯ.

ಡಿಗ್ರಿ ಅರ್ಧಕ್ಕೆ ಬಿಟ್ಟು ಕೂತ ನನ್ನಂಥವನಿಗೆ ಇದು ಚುರುಕ್ ಅಂತ ತಾಗಿತು. ಅಷ್ಟು ದೊಡ್ಡ ರಾಜ್ಯ ಆಳಿದವನು ತನ್ನ ಕಾಲಹರಣವನ್ನು ಮುಚ್ಚಿಡದೆ ಕಲ್ಲಿನ ಮೇಲೆ ಬರೆಸಿದ್ದಾನೆ.

ಇಷ್ಟು ದೂರ ಅವನ ಆಡಳಿತ ಯಾಕೆ ಬಂತು? ಚಿನ್ನ ಒಂದು ಕಾರಣ ಅಂತ ಇತಿಹಾಸಕಾರರು ಹೇಳುತ್ತಾರೆ. ಹಟ್ಟಿ ಗಣಿ ಇರುವ ಸೀಮೆ ಇದು. ಬ್ರಹ್ಮಗಿರಿ ಶಾಸನದಲ್ಲಿ ಸುವರ್ಣಗಿರಿ ಎಂಬ ಊರಿನ ಹೆಸರಿದೆ. ರಾಜವಂಶದ ಪ್ರತಿನಿಧಿ ಅಲ್ಲಿಂದ ಆಳುತ್ತಿದ್ದ. ಅದು ನಮ್ಮ ಕನಕಗಿರಿಯೇ ಅನ್ನುವವರಿದ್ದಾರೆ, ಮಸ್ಕಿ ಅನ್ನುವವರಿದ್ದಾರೆ, ಆಂಧ್ರದ ಜೊನ್ನಗಿರಿ ಅನ್ನುವವರೂ ಇದ್ದಾರೆ. ವಾದ ಇನ್ನೂ ಮುಗಿದಿಲ್ಲ.

ಮರೆತ ಹೆಸರು, ಮತ್ತೆ ಸಿಕ್ಕ ಹೆಸರು

ಕ್ರಿ.ಪೂ. 232ರ ಸುಮಾರಿಗೆ ಅಶೋಕ ತೀರಿಕೊಂಡ. ಅವನಾದ ಮೇಲೆ ಐವತ್ತು ವರ್ಷದ ಆಸುಪಾಸಿನಲ್ಲೇ ಮೌರ್ಯ ರಾಜ್ಯ ಮುಗಿಯಿತು. ಕಾಲ ಕಳೆದಂತೆ ಬ್ರಾಹ್ಮಿ ಲಿಪಿ ಓದುವವರೇ ಇಲ್ಲವಾದರು. ಬಂಡೆ ಇತ್ತು, ಅಕ್ಷರ ಇತ್ತು, ಅರ್ಥ ಹೇಳುವವರು ಇರಲಿಲ್ಲ.

1837ರ ಹೊತ್ತಿಗೆ ಕಲ್ಕತ್ತಾದಲ್ಲಿ ಜೇಮ್ಸ್ ಪ್ರಿನ್ಸೆಪ್ ಆ ಲಿಪಿಯನ್ನು ಬಿಡಿಸಿದ. ಆದರೂ ಶಾಸನಗಳಲ್ಲಿ ಸಿಗುತ್ತಿದ್ದದ್ದು ದೇವಾನಾಂಪ್ರಿಯ ಎಂಬ ಬಿರುದು ಮಾತ್ರ. 1915ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಸಿ. ಬೀಡನ್ ಎಂಬ ಎಂಜಿನಿಯರ್‌ಗೆ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಒಂದು ಶಾಸನ ಸಿಕ್ಕಿತು. ಅದರಲ್ಲಿ ಬಿರುದಿನ ಜೊತೆ ಅಶೋಕ ಅನ್ನುವ ಹೆಸರೂ ಇತ್ತು. ದೇವಾನಾಂಪ್ರಿಯ ಯಾರು ಅನ್ನುವ ಅನುಮಾನ ಅಲ್ಲಿಗೆ ಮುಗಿಯಿತು.

1931ರಲ್ಲಿ ಕೊಪ್ಪಳದ ಎನ್.ಬಿ. ಶಾಸ್ತ್ರಿ ಅವರು ಗವಿಮಠ ಮತ್ತು ಪಾಲ್ಕಿಗುಂಡು ಶಾಸನಗಳನ್ನು ಪತ್ತೆ ಮಾಡಿದರು. ಆಗ ಕೊಪ್ಪಳ ನಿಜಾಮರ ರಾಜ್ಯದಲ್ಲಿತ್ತು. ಮರುವರ್ಷ, 1932ರಲ್ಲಿ, ಆರ್.ಎಲ್. ಟರ್ನರ್ ಸಂಪಾದಿಸಿದ ಈ ಶಾಸನಗಳ ಪುಸ್ತಕವನ್ನು ಹೈದರಾಬಾದ್ ಪುರಾತತ್ವ ಇಲಾಖೆ ತನ್ನ ಮಾಲೆಯಲ್ಲಿ ಪ್ರಕಟಿಸಿತು. ಎರಡು ಸಾವಿರ ವರ್ಷದ ಮೇಲೆ ನಮ್ಮ ಬಂಡೆ ಮತ್ತೆ ಮಾತಾಡಿತು.

ಅವನ ಮುಖ ಹೇಗಿತ್ತು ಅಂತ ಕೇಳುವವರಿಗೂ ನಮ್ಮ ಕಲ್ಯಾಣ ಕರ್ನಾಟಕದಲ್ಲೇ ಒಂದು ಉತ್ತರ ಐತಿ. ಕಲಬುರಗಿ ಜಿಲ್ಲೆಯ ಸನ್ನತಿ ಹತ್ತಿರದ ಕನಗನಹಳ್ಳಿ ಉತ್ಖನನದಲ್ಲಿ ರಾಣಿ, ಪರಿವಾರದ ಜೊತೆ ನಿಂತ ರಾಜನ ಶಿಲ್ಪ ಸಿಕ್ಕಿದೆ. ಇವನೇ ರಾಜ ಅಶೋಕ ಅಂತ ಅದರ ಮೇಲೆಯೇ ಬ್ರಾಹ್ಮಿಯಲ್ಲಿ ಬರೆದಿದೆ. ಅವನು ಸತ್ತ ಎಷ್ಟೋ ಕಾಲದ ಮೇಲೆ ಕೆತ್ತಿದ್ದು, ಆದರೂ ಹೆಸರು ಸಮೇತ ಸಿಕ್ಕ ಅಪರೂಪದ ಶಿಲ್ಪ.

ಇನ್ನು ನಮ್ಮ ಸರದಿ

ಗವಿಮಠದ ಅಕ್ಷರ ಇವತ್ತಿಗೂ ಓದಲು ಬರುತ್ತದೆ. ಪಾಲ್ಕಿಗುಂಡಿನದು ಅಲ್ಲಲ್ಲಿ ತುಣುಕು ಮಾತ್ರ ಉಳಿದಿದೆ, ಮಿಕ್ಕಿದ್ದು ಮಳೆ ಗಾಳಿಗೆ ಸವೆದು ಹೋಗಿದೆ. ಒಂದೇ ಊರು, ಒಂದೇ ಶಾಸನ. ಹೀಗೇ ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ. ಬಿಸಿಲು, ಮಳೆಯನ್ನು ನಾವು ನಿಲ್ಲಿಸಲು ಆಗಲ್ಲ. ಆದರೆ ಕಲ್ಲಿನ ಮೇಲೆ ಹೆಸರು ಕೆತ್ತುವುದು, ಸುಣ್ಣ ಬಣ್ಣ ಬಳಿಯುವುದು, ನಿಧಿ ಆಸೆಗೆ ಅಗೆಯುವುದು ನಮ್ಮ ಕೈಯಲ್ಲೇ ಇರುವ ಮಾತು.

ಮುಂದಿನ ಜಾತ್ರೆಗೆ ಅಳವಂಡಿ ಕಡೆಯಿಂದ ಹೋಗುವವರು ತೇರು ನೋಡಿ, ಪ್ರಸಾದ ಮುಗಿಸಿ, ಒಂದು ತಾಸು ಬಿಡುವು ಮಾಡಿಕೊಂಡು ಬೆಟ್ಟ ಹತ್ತಿ. ಜೊತೆಗೆ ಮನೆಯ ಮಕ್ಕಳನ್ನೂ ಕರೆದೊಯ್ಯಿರಿ. ಅಕ್ಷರ ಓದಲು ಬರದಿದ್ದರೂ ಚಿಂತೆಯಿಲ್ಲ. ಮೊದಲು ತಾನು ಸರಿಯಾಗಿ ಪ್ರಯತ್ನ ಪಡಲಿಲ್ಲ, ಆಮೇಲೆ ಪಟ್ಟೆ, ಸಣ್ಣವರಿಗೂ ಇದು ಸಾಧ್ಯ ಅಂತ ಒಬ್ಬ ರಾಜ ಇಲ್ಲಿ ಬರೆಸಿದ್ದಾನೆ ಅಂತ ಅವರಿಗೆ ಹೇಳಿ. ಪರೀಕ್ಷೆಯಲ್ಲಿ ಅದಕ್ಕೆ ಮಾರ್ಕ್ಸ್ ಇಲ್ಲದಿದ್ದರೂ ಪರವಾಗಿಲ್ಲ.