ಕಪ್ಪು ಗಾಡಿಗೆ ಬಣ್ಣ ತಂದ ಮಗ

ಫೋರ್ಡ್ ಎಂದೊಡನೆ ಜನರಿಗೆ ನೆನಪಾಗುವವರು ಹಿರಿಯರಾದ ಹೆನ್ರಿ ಫೋರ್ಡರು. ಅವರ ಏಕಮಾತ್ರ ಪುತ್ರ ಎಡ್ಸೆಲರ ಹೆಸರನ್ನು ಕೇಳಿದವರೂ ಅದನ್ನೊಂದು ಸೋತ ಮೋಟಾರಿನ ಹೆಸರೆಂದೇ ಬಲ್ಲರು. ಆ ಮೋಟಾರಿನ ಸೋಲಿನಲ್ಲಿ ಅವರ ಪಾಲು ಎಳ್ಳಷ್ಟೂ ಇರಲಿಲ್ಲ. ಅವರು ನಿಜವಾಗಿ ಮಾಡಿದ ಕಾರ್ಯವನ್ನು ವಾಚಕರ ಮುಂದಿಡುವುದು ನ್ಯಾಯವೆಂದು ನಮಗೆ ತೋರುತ್ತದೆ.

೧೮೯೩ನೆಯ ಇಸವಿ ನವೆಂಬರ್ ೬ರಂದು ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ಎಡ್ಸೆಲರು ಜನಿಸಿದರು. ಆಗ ತಂದೆ ವಿದ್ಯುತ್ ಕಂಪನಿಯೊಂದರಲ್ಲಿ ಇಂಜಿನಿಯರು. ಮಗನಿಗೆ ಹತ್ತು ತುಂಬುವ ಮೊದಲೇ, ೧೯೦೩ರಲ್ಲಿ, ಫೋರ್ಡ್ ಕಂಪನಿ ಸ್ಥಾಪಿತವಾಯಿತು. ೧೯೦೮ರಲ್ಲಿ ಲೋಕಪ್ರಸಿದ್ಧವಾದ ಮಾಡೆಲ್ ಟಿ ಗಾಡಿ ಹೊರಬಂದಿತು. ಶಾಲೆ ಮುಗಿಸಿದ ಎಡ್ಸೆಲರು ಕಾಲೇಜಿನ ಮೆಟ್ಟಲು ಹತ್ತದೆ ನೇರವಾಗಿ ಕಾರ್ಖಾನೆಯನ್ನು ಸೇರಿದರು.

ಮೊದಮೊದಲು ಮಾಡೆಲ್ ಟಿ ಗಾಡಿಗಳು ಕೆಂಪು, ಹಸಿರು, ಬೂದು ಬಣ್ಣಗಳಲ್ಲಿಯೂ ಬರುತ್ತಿದ್ದವೆಂದರೆ ಇಂದು ಹಲವರು ನಂಬಲಾರರು. ೧೯೧೪ರಿಂದ ಸುಮಾರು ಹನ್ನೆರಡು ವರ್ಷ ಮಾತ್ರ ಕಪ್ಪೊಂದೇ ಬಣ್ಣ. ಕಪ್ಪು ಅರಗಿನ ಬಣ್ಣ ಅಗ್ಗ, ಬಾಳಿಕೆಯದು. ಒಂದೇ ಬಣ್ಣವಾದರೆ ಕೆಲಸವೂ ತಡೆಯಿಲ್ಲದೆ ಸಾಗುತ್ತದೆ. ಹಿರಿಯರ ಲೆಕ್ಕ ತಪ್ಪಾಗಿರಲಿಲ್ಲ. ಒಂದೂವರೆ ಕೋಟಿಗೂ ಮಿಕ್ಕಿ ಗಾಡಿಗಳು ಮಾರಾಟವಾದವು. ಆದರೆ ಅವರ ಹಟವೂ ಸಣ್ಣದಲ್ಲ. ೧೯೧೨ರಲ್ಲಿ ಅವರು ಯುರೋಪಿಗೆ ಹೋಗಿದ್ದಾಗ ಸಹಾಯಕರು ಸುಧಾರಿತ ಮಾದರಿಯೊಂದನ್ನು ಮಾಡಿ, ಮಿರುಗುವ ಕೆಂಪು ಬಣ್ಣ ಬಳಿದು ನಿಲ್ಲಿಸಿದ್ದರಂತೆ. ಮರಳಿ ಬಂದ ಯಜಮಾನರು ಅದನ್ನು ಸುತ್ತಿ ಸುತ್ತಿ ನೋಡಿ, ಬಾಗಿಲುಗಳನ್ನು ಒಂದೊಂದಾಗಿ ಕೈಯಾರೆ ಕಿತ್ತು, ಗಾಜು ಒಡೆದರೆಂದು ಕಂಡವರು ಹೇಳಿದ್ದಾರೆ. ಆಗ ಎಡ್ಸೆಲರಿಗೆ ಹದಿನೆಂಟು.

೧೯೧೯ರಲ್ಲಿ, ಇಪ್ಪತ್ತೈದನೆಯ ವಯಸ್ಸಿನಲ್ಲಿ, ಎಡ್ಸೆಲರು ಕಂಪನಿಯ ಅಧ್ಯಕ್ಷರಾದರು. ಮಗನನ್ನು ಗಲ್ಲಾಪೆಟ್ಟಿಗೆಯ ಮುಂದೆ ಕೂಡಿಸಿ, ಬೀಗದ ಕೈ ಗೊಂಚಲನ್ನು ತಮ್ಮ ಸೊಂಟದಲ್ಲಿಯೇ ಇಟ್ಟುಕೊಳ್ಳುವ ಯಜಮಾನರನ್ನು ಹೋಟೆಲಿನಲ್ಲಿ ದುಡಿದವರೆಲ್ಲ ಕಂಡಿದ್ದಾರೆ. ಅಲ್ಲಿಯೂ ಅದೇ ಕಥೆ. ಗುಮಾಸ್ತರಿಗೆ ಜಾಗ ಸಾಲದೆಂದು ಎಡ್ಸೆಲರು ಹೊಸ ಕಚೇರಿಗೆ ಅಡಿಪಾಯ ತೋಡಿಸಿದರೆ, ತಂದೆ ಅದನ್ನು ನಿಲ್ಲಿಸಿಬಿಟ್ಟರೆಂದು ಚರಿತ್ರಕಾರರು ಬರೆಯುತ್ತಾರೆ. ಎಣ್ಣೆಯ ಒತ್ತಡದ ಬ್ರೇಕು ಬೇಕೆಂದು ಮಗ ವರ್ಷಗಟ್ಟಲೆ ಬೇಡಿದರೂ ಫೋರ್ಡ್ ಗಾಡಿಗಳಿಗೆ ಅದು ಬಂದುದು ೧೯೩೯ರ ಮಾದರಿಗೆ. ಎದುರಾಳಿಗಳು ಅದಕ್ಕೆ ಎಷ್ಟೋ ಮುಂಚೆ ಅಳವಡಿಸಿದ್ದರು.

ಒಂದು ಎಡೆಯಲ್ಲಿ ಮಾತ್ರ ಮಗನ ಮಾತು ನಡೆಯುತ್ತಿತ್ತು. ೧೯೨೨ರಲ್ಲಿ ಎಂಬತ್ತು ಲಕ್ಷ ಡಾಲರಿಗೆ ಕೊಂಡ ಲಿಂಕನ್ ಕಂಪನಿಯನ್ನು ತಂದೆ ಅವರಿಗೆ ಬಿಟ್ಟುಕೊಟ್ಟರು. ಸಿರಿವಂತರ ಗಾಡಿಯಾದ ಲಿಂಕನ್ನಿಗೆ ಲೆಬ್ಯಾರನ್, ಬ್ರನ್, ಡೀಟ್ರಿಚ್ ಮೊದಲಾದ ಹೆಸರಾಂತ ಕುಶಲಿಗಳಿಂದ ಒಡಲು ಕಟ್ಟಿಸಿದರು. ಚಿತ್ರಕಲೆಯಲ್ಲಿ ಒಲವಿದ್ದು, ತಾವೂ ಕುಂಚ ಹಿಡಿಯುತ್ತಿದ್ದ ಅವರಿಗೆ ರೇಖೆ ಯಾವುದು, ಬರಿಯ ಆಡಂಬರ ಯಾವುದು ಎಂಬುದು ತಿಳಿದಿತ್ತು.

ಅಷ್ಟರಲ್ಲಿ ಬಣ್ಣದ ಲೋಕವೇ ಬದಲಾಗಿತ್ತು. ಹಿಂದೆ ಒಳ್ಳೆಯ ಬಣ್ಣವೆಂದರೆ ಲೇಪದ ಮೇಲೆ ಲೇಪ ಬಳಿದು ವಾರಗಟ್ಟಲೆ ಒಣಗಿಸಬೇಕಾಗಿತ್ತು. ಡ್ಯೂಪಾಂಟ್ ಕಂಪನಿಯ ಡ್ಯೂಕೋ ಎಂಬ ಲ್ಯಾಕರ್ ಬಂದಮೇಲೆ ಅದು ಗಂಟೆಗಳ ಕೆಲಸವಾಯಿತು. ಎದುರಾಳಿಯಾದ ಜನರಲ್ ಮೋಟಾರ್ಸ್ ೧೯೨೩ರಲ್ಲಿಯೇ ಓಕ್‌ಲ್ಯಾಂಡ್ ಗಾಡಿಗೆ ಅದನ್ನು ಬಳಿದು ನೀಲಿಯ ಮೆರುಗು ತೋರಿಸಿತು. ಜನರ ಕಣ್ಣು ಅತ್ತ ಹರಿಯಿತು. ಕಪ್ಪು ಮಾಡೆಲ್ ಟಿಗೆ ಗಿರಾಕಿ ಕಡಿಮೆಯಾಗಿ ೧೯೨೭ರ ಮೇ ತಿಂಗಳಲ್ಲಿ ಅದನ್ನು ನಿಲ್ಲಿಸಬೇಕಾಯಿತು.

ಅದೇ ವರ್ಷ ಡಿಸೆಂಬರಿನಲ್ಲಿ ಮಾಡೆಲ್ ಎ ಬಂದಿತು. ಯಂತ್ರ ತಂದೆಯದು, ರೂಪವೂ ಬಣ್ಣವೂ ಮಗನವು. ನಯಾಗರಾ ನೀಲಿ, ಅರೇಬಿಯದ ಮರಳು, ಮುಂಜಾವಿನ ಬೂದು ಎಂಬ ಹೆಸರುಗಳನ್ನು ಕೇಳಿದರೇ ಹೊಸ ಗಾಳಿ ಬೀಸಿದಂತಿದೆ! ಮಡ್‌ಗಾರ್ಡುಗಳು ಮಾತ್ರ ಕಪ್ಪಾಗಿಯೇ ಉಳಿದವು.

ಮುಚ್ಚಿಗೆ ಮಡಚುವ ಗಾಡಿಗಳಲ್ಲಿ ಎಷ್ಟು ವಿಧ! ಮುಂಬಯಿಯಲ್ಲಿ ಒಂದು ಕಾಲದಲ್ಲಿ ಓಡುತ್ತಿದ್ದ ವಿಕ್ಟೋರಿಯಾ ಕುದುರೆಗಾಡಿಯ ಹುಡ್ಡನ್ನು ನೆನೆದರೆ ಇವುಗಳ ಮೂಲ ತಿಳಿಯುತ್ತದೆ. ರೋಡ್‌ಸ್ಟರ್ ಎಂದರೆ ಒಂದೇ ಸಾಲಿನ ಆಸನದ್ದು. ಫೇಟನ್ ಎಂದರೆ ಎರಡು ಸಾಲಿನದು. ಎರಡಕ್ಕೂ ಬಾಗಿಲಲ್ಲಿ ಗಾಜಿಲ್ಲ. ಮಳೆ ಬಂದರೆ ಪಕ್ಕಕ್ಕೆ ಪರದೆ ಕಟ್ಟಿಕೊಳ್ಳಬೇಕು. ಕ್ಯಾಬ್ರಿಯೋಲೆ ಎಂಬುದಕ್ಕೆ ಮುಚ್ಚಿಗೆ ಬಟ್ಟೆಯದಾದರೂ ಏರಿಸಿ ಇಳಿಸುವ ಗಾಜಿನ ಕಿಟಕಿಯುಂಟು. ಹಿಂದೆ ಪೆಟ್ಟಿಗೆಯ ಮುಚ್ಚಳ ಎತ್ತಿದಂತೆ ತೆರೆದುಕೊಳ್ಳುವ ಬಯಲು ಆಸನ ಬೇರೆ; ಮಳೆಯಲ್ಲಿ ಅಲ್ಲಿ ಕುಳಿತವನ ಪಾಡು ದೇವರಿಗೇ ಪ್ರೀತಿ. ಮಾಡೆಲ್ ಎ ಗಾಡಿ ಈ ರೂಪಗಳೆಲ್ಲದರಲ್ಲಿಯೂ ದೊರೆಯಿತು. ಸಾಮಾನ್ಯ ಸಂಬಳದವನೂ ಬಣ್ಣವನ್ನು ಆರಿಸಿ ಕೊಳ್ಳುವಂತಾಯಿತು. ಇದನ್ನು ನಾವು ಎಡ್ಸೆಲರ ದೊಡ್ಡ ಕೆಲಸವೆಂದು ಎಣಿಸುತ್ತೇವೆ.

ಆಮೇಲೆ ಅವರಿಗೆ ಒಬ್ಬ ಸರಿಯಾದ ಜೊತೆಗಾರರು ದೊರೆತರು. ದೋಣಿಗಳ ರೂಪ ರಚಿಸಿ ಪಳಗಿದ್ದ ಗ್ರೆಗರಿ ಎಂಬವರು ೧೯೩೧ರಲ್ಲಿ ಲಿಂಕನ್ ಸೇರಿದರು. ಎಡ್ಸೆಲರು ಮನಸ್ಸಿನಲ್ಲಿದ್ದುದನ್ನು ಹೇಳುವರು, ಗ್ರೆಗರಿ ಬರೆಯುವರು. ೧೯೩೪ರಲ್ಲಿ ಎಡ್ಸೆಲರ ಸ್ವಂತ ಬಳಕೆಗೆ ಅಲ್ಯುಮಿನಿಯಂ ಒಡಲಿನ, ದೋಣಿಯಂತೆ ಹಿಂದೆ ಚೂಪಾಗುವ ತೆರೆದ ಗಾಡಿಯೊಂದು ಸಿದ್ಧವಾಯಿತು. ಅದಕ್ಕೆ ಮೀನಿನ ಹುರುಪೆಯಿಂದ ತೆಗೆದ ಮುತ್ತಿನ ಹೊಳಪು ಬೆರೆಸಿದ ಕಡುಬೂದು ಬಣ್ಣ.

೧೯೩೯ರ ಮಾರ್ಚಿಯಲ್ಲಿ ಫ್ಲಾರಿಡಾದ ಕಡಲತೀರದಲ್ಲಿ ವಿರಾಮಕ್ಕೆಂದು ಹೋದಾಗ ಇವರ ಇನ್ನೊಂದು ಗಾಡಿ ಅಲ್ಲಿಗೆ ಬಂದಿತು. ಲಿಂಕನ್ ಜೆಫರ್ ಎಂಬ ಗಾಡಿಯನ್ನೇ ತಗ್ಗಿಸಿ, ಮೂತಿಯನ್ನು ನೀಳ ಮಾಡಿ, ಕಾಲಿಡುವ ಹಲಗೆಯನ್ನು ತೆಗೆದು, ಹೆಚ್ಚುವರಿ ಚಕ್ರವನ್ನು ಹಿಂಬದಿಯಲ್ಲಿ ನೆಟ್ಟಗೆ ನಿಲ್ಲಿಸಿದ ಕ್ಯಾಬ್ರಿಯೋಲೆ. ಹೊರಗೆ ಬೂದು, ಒಳಗೆ ಬೂದು ಚರ್ಮ. ಥಳಕಿನ ಲೋಹದ ಪಟ್ಟಿಗಳ ಗದ್ದಲವಿಲ್ಲ. ನೋಡಿದ ಮಿತ್ರರೆಲ್ಲ ತಮಗೂ ಬೇಕೆಂದರು. ಇದುವೇ ಲಿಂಕನ್ ಕಾಂಟಿನೆಂಟಲ್. ತಗಡನ್ನು ಕೈಯಲ್ಲಿ ಬಡಿದು, ಸಂದುಗಳಿಗೆ ಸೀಸ ತುಂಬಿ ಮಾಡುತ್ತಿದ್ದ ಗಾಡಿಯಾದ್ದರಿಂದ ೧೯೪೦ರ ಮಾದರಿಯಲ್ಲಿ ತಯಾರಾದುದು ೪೦೪ ಮಾತ್ರ. ಅವುಗಳಲ್ಲಿ ೩೫೦ ಮುಚ್ಚಿಗೆ ಮಡಚುವಂಥವು. ೧೯೪೨ರಲ್ಲಿ ಯುದ್ಧದ ನಿಮಿತ್ತ ಅದೂ ನಿಂತಿತು.

ಅಷ್ಟರಲ್ಲಿ ಎಡ್ಸೆಲರ ಹೊಟ್ಟೆಯ ಬೇನೆ ಬಲಿತಿತ್ತು. ತಂದೆಗೆ ಎದುರಾಡದೆ, ಕೆಲಸವನ್ನೂ ಬಿಡದೆ ೧೯೪೩ನೆಯ ಮೇ ೨೬ರಂದು, ಜಠರದ ಕ್ಯಾನ್ಸರಿನಿಂದ, ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು. ಎಂಬತ್ತರ ಸಮೀಪದಲ್ಲಿದ್ದ ತಂದೆಯೇ ಮತ್ತೆ ಅಧ್ಯಕ್ಷಪೀಠವನ್ನೇರಿದರು. ೧೯೪೫ರಲ್ಲಿ ಅದು ಎಡ್ಸೆಲರ ಹಿರಿಯ ಮಗನಿಗೆ ಬಂದಿತು.

೧೯೫೧ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲೆಯ ವಸ್ತುಸಂಗ್ರಹಾಲಯವು ಕಲಾಕೃತಿಗಳೆಂದು ಆರಿಸಿ ಪ್ರದರ್ಶಿಸಿದ ಎಂಟು ಮೋಟಾರುಗಳಲ್ಲಿ ಕಾಂಟಿನೆಂಟಲ್ ಒಂದಾಗಿತ್ತು. ಆರು ವರ್ಷದ ಬಳಿಕ ಕಂಪನಿಯು ಎಡ್ಸೆಲ್ ಎಂಬ ಹೆಸರಿನ ಹೊಸ ಗಾಡಿಯೊಂದನ್ನು ಹೊರತಂದಿತು. ಅದು ೧೯೫೯ರಲ್ಲಿ ನಿಂತುಹೋಯಿತು. ೧೯೩೪ರ ಆ ದೋಣಿಯಾಕಾರದ ಗಾಡಿ ಹಲವರ ಕೈ ದಾಟಿ, ಈಗ ವಸ್ತುಸಂಗ್ರಹಾಲಯವಾಗಿರುವ ಎಡ್ಸೆಲರ ಮನೆಗೆ ಮರಳಿದೆ, ಅದೇ ಮುತ್ತಿನ ಬೂದು ಬಣ್ಣದಲ್ಲಿ.