ಜೇಮ್ಸ್ ಮ್ಯಾಡಿಸನ್: ಅಧಿಕಾರಕ್ಕೆ ಅಂಕುಶವಿಟ್ಟ ಸಂವಿಧಾನ ಶಿಲ್ಪಿ

ಕಟ್ಟಡವೊಂದು ಎದ್ದು ನಿಂತ ಮೇಲೆ ನೋಡುವವರ ಕಣ್ಣಿಗೆ ಮೊದಲು ಬೀಳುವುದು ಅದರ ಶಿಖರ. ನೆಲದೊಳಗೆ ಹುದುಗಿರುವ ಅಡಿಪಾಯವನ್ನು ನೆನೆಯುವವರು ವಿರಳ. ಅಮೆರಿಕ ಸಂಯುಕ್ತ ಸಂಸ್ಥಾನಗಳ ಇತಿಹಾಸದಲ್ಲಿ ಸ್ವಾತಂತ್ರ್ಯ ಸಮರದ ದಂಡನಾಯಕರಾದ ಜಾರ್ಜ್ ವಾಷಿಂಗ್ಟನ್ನರ ಹೆಸರೂ ಸ್ವಾತಂತ್ರ್ಯ ಘೋಷಣೆಯನ್ನು ರಚಿಸಿದ ಥಾಮಸ್ ಜೆಫರ್ಸನ್ನರ ಹೆಸರೂ ಮನೆಮಾತಾಗಿವೆ. ಗಳಿಸಿದ ಸ್ವಾತಂತ್ರ್ಯವನ್ನು ಉಳಿಸಿಕೊಳ್ಳಬಲ್ಲ ಆಡಳಿತಕ್ಕೆ ತಳಹದಿ ಹಾಕಿದವರಲ್ಲಿ ಅಗ್ರಗಣ್ಯರಾದ ಜೇಮ್ಸ್ ಮ್ಯಾಡಿಸನ್ನರ ಹೆಸರು ಅಷ್ಟಾಗಿ ಕೇಳಿಬರುವುದಿಲ್ಲ. ಅಧಿಕಾರವು ಸಜ್ಜನರ ಕೈಯಲ್ಲಿದ್ದರೂ ಅದಕ್ಕೆ ಅಂಕುಶವಿರಬೇಕೆಂಬುದು ಅವರ ಜೀವಮಾನದ ನಂಬಿಕೆ. ಆ ನಂಬಿಕೆ ಎಷ್ಟು ನಿಜವೆಂಬುದಕ್ಕೆ ಅವರ ಸಾಧನೆಯೂ ಸಾಕ್ಷಿ, ಅವರ ದೋಷವೂ ಸಾಕ್ಷಿ.

ಮ್ಯಾಡಿಸನ್ನರು ಜನಿಸಿದ್ದು 1751ನೆಯ ಇಸವಿ ಮಾರ್ಚ್ 16ರಂದು, ಆಗ ಬ್ರಿಟಿಷರ ವಸಾಹತಾಗಿದ್ದ ವರ್ಜೀನಿಯಾದ ಪೋರ್ಟ್ ಕಾನ್ವೇ ಎಂಬಲ್ಲಿ, ತಾಯಿಯ ತವರಿನಲ್ಲಿ. ತಂದೆ ಆರೆಂಜ್ ಜಿಲ್ಲೆಯ ದೊಡ್ಡ ಜಮೀನುದಾರರು. ಮುಂದೆ ಮಾಂಟ್‌ಪೀಲಿಯರ್ ಎಂದು ಹೆಸರಾದ ಆ ಜಮೀನಿನಲ್ಲಿ ಹೊಗೆಸೊಪ್ಪು ಬೆಳೆಯುತ್ತಿದ್ದವರು ಆಫ್ರಿಕ ಮೂಲದ ಗುಲಾಮರು. ಹನ್ನೆರಡು ಮಕ್ಕಳಲ್ಲಿ ಹಿರಿಯರಾದ ಜೇಮ್ಸರು ಕುಳ್ಳು ದೇಹದವರು, ಆಗಾಗ ಕಾಯಿಲೆ ಬೀಳುತ್ತಿದ್ದವರು. ಆದರೆ ಓದಿನಲ್ಲಿ ಅವರಿಗಿದ್ದ ಹಸಿವು ಅಪಾರ. 1769ರಲ್ಲಿ ನ್ಯೂಜೆರ್ಸಿಯ ಪ್ರಿನ್ಸ್‌ಟನ್ನಿನಲ್ಲಿದ್ದ ಕಾಲೇಜನ್ನು ಸೇರಿದರು. ಸ್ಕಾಟ್ಲೆಂಡಿನಿಂದ ಬಂದಿದ್ದ ಜಾನ್ ವಿದರ್‌ಸ್ಪೂನರು ಅಲ್ಲಿಯ ಅಧ್ಯಕ್ಷರು. ಎರಡೇ ವರ್ಷಗಳಲ್ಲಿ ವ್ಯಾಸಂಗವನ್ನು ಮುಗಿಸಿ 1771ರಲ್ಲಿ ಪದವೀಧರರಾದರು. ನಿದ್ದೆಗೆಟ್ಟು ಓದಿದ ಫಲವಾಗಿ ಆರೋಗ್ಯ ಕೆಟ್ಟಿತಾದರೂ ಇನ್ನೂ ಕೆಲವು ತಿಂಗಳು ಗುರುಗಳ ಬಳಿಯೇ ಉಳಿದು ಹೀಬ್ರೂ ಭಾಷೆಯನ್ನೂ ನೀತಿಶಾಸ್ತ್ರವನ್ನೂ ಅಭ್ಯಸಿಸಿದರು.

ಊರಿಗೆ ಮರಳಿದ ತರುಣನ ಮನಸ್ಸನ್ನು ಮೊದಲು ಕಲಕಿದ್ದು ಧಾರ್ಮಿಕ ದಬ್ಬಾಳಿಕೆ. ವರ್ಜೀನಿಯಾದಲ್ಲಿ ಆಂಗ್ಲಿಕನ್ ಚರ್ಚು ಸರಕಾರದ ಮನ್ನಣೆ ಪಡೆದ ಚರ್ಚಾಗಿತ್ತು. ಅನ್ಯ ಪಂಥದವರೂ ಅದಕ್ಕೆ ತೆರಿಗೆ ತೆರಬೇಕಾಗಿತ್ತು. ಪರವಾನಗಿಯಿಲ್ಲದೆ ಉಪದೇಶ ಮಾಡಿದ ಬ್ಯಾಪ್ಟಿಸ್ಟ್ ಬೋಧಕರನ್ನು ನೆರೆಯ ಜಿಲ್ಲೆಯಲ್ಲಿ ಸೆರೆಮನೆಗೆ ತಳ್ಳಲಾಗಿತ್ತು. 1776ರಲ್ಲಿ ವರ್ಜೀನಿಯಾದ ಪ್ರತಿನಿಧಿಗಳು ತಮ್ಮ ಹಕ್ಕುಗಳ ಘೋಷಣೆಯನ್ನು ಸಿದ್ಧಪಡಿಸುವಾಗ, ಜಾರ್ಜ್ ಮೇಸನ್ನರ ಕರಡಿನಲ್ಲಿ ಅನ್ಯಮತಗಳ ಬಗ್ಗೆ ಸಹಿಷ್ಣುತೆ ತೋರಬೇಕೆಂಬ ಮಾತಿತ್ತು. ಇಪ್ಪತ್ತೈದರ ಹರೆಯದ ಮ್ಯಾಡಿಸನ್ನರಿಗೆ ಆ ಶಬ್ದ ಒಪ್ಪಿಗೆಯಾಗಲಿಲ್ಲ. ಸಹಿಷ್ಣುತೆಯೆಂಬುದು ಬಲವುಳ್ಳವನು ಬಲವಿಲ್ಲದವನಿಗೆ ತೋರುವ ಕೃಪೆ. ಕೊಟ್ಟವನು ಅದನ್ನು ಹಿಂದಕ್ಕೂ ಪಡೆಯಬಲ್ಲ. ಅಂತಃಸಾಕ್ಷಿಯಂತೆ ನಡೆಯುವುದಾದರೋ ಸರ್ವರಿಗೂ ಸಮನಾದ ಹಕ್ಕು. ಅವರ ಸೂಚನೆಯಂತೆ ಆ ವಾಕ್ಯ ತಿದ್ದಲ್ಪಟ್ಟಿತು. ಸಾರ್ವಜನಿಕ ಜೀವನದಲ್ಲಿ ಅವರ ಮೊದಲ ಹೆಜ್ಜೆಗುರುತು ಅದು.

ಮರುವರ್ಷದ ಚುನಾವಣೆಯಲ್ಲಿ ಅವರಿಗೆ ಸೋಲಾಯಿತು. ಮತದಾರರಿಗೆ ಮದ್ಯ ಹಂಚುವುದು ಅಲ್ಲಿಯ ವಾಡಿಕೆ. ಗಣರಾಜ್ಯಕ್ಕೆ ಅದು ತಕ್ಕುದಲ್ಲವೆಂದು ಮ್ಯಾಡಿಸನ್ನರು ಬಗೆದರು; ಮತದಾರರು ಅವರನ್ನು ಜಿಪುಣರೆಂದೋ ಗರ್ವಿಗಳೆಂದೋ ಬಗೆದರು. ಆದರೂ ಅವರ ಯೋಗ್ಯತೆಯನ್ನು ಬಲ್ಲವರು ಅವರನ್ನು ಬಿಡಲಿಲ್ಲ. 1780ರಲ್ಲಿ ಅವರು ರಾಷ್ಟ್ರೀಯ ಸಭೆಯಾದ ಕಾಂಗ್ರೆಸ್ಸಿಗೆ ಪ್ರತಿನಿಧಿಯಾಗಿ ಹೋದರು. ಮುಂದೆ 1785ರಲ್ಲಿ ಕ್ರೈಸ್ತ ಬೋಧಕರ ಪೋಷಣೆಗಾಗಿ ತೆರಿಗೆ ವಿಧಿಸುವ ಮಸೂದೆಯೊಂದನ್ನು ಪ್ರಸಿದ್ಧ ವಾಗ್ಮಿ ಪ್ಯಾಟ್ರಿಕ್ ಹೆನ್ರಿಯವರು ಬೆಂಬಲಿಸಿದಾಗ, ಮ್ಯಾಡಿಸನ್ನರು ಹೆಸರು ಹಾಕದೆ ಒಂದು ವಿಜ್ಞಾಪನೆಯನ್ನು ಬರೆದು ಊರೂರಿಗೆ ಹರಡಿಸಿದರು. ಜನರ ಸಹಿಗಳು ಹರಿದುಬಂದವು, ಮಸೂದೆ ಮೂಲೆಗುಂಪಾಯಿತು. ಜೆಫರ್ಸನ್ನರು ಬಹು ಹಿಂದೆಯೇ ಬರೆದಿಟ್ಟಿದ್ದ ಧಾರ್ಮಿಕ ಸ್ವಾತಂತ್ರ್ಯದ ಶಾಸನವು 1786ರಲ್ಲಿ ಮ್ಯಾಡಿಸನ್ನರ ಪ್ರಯತ್ನದಿಂದಲೇ ಅಂಗೀಕೃತವಾಯಿತು.

ಈ ನಡುವೆ ನವರಾಷ್ಟ್ರದ ಸ್ಥಿತಿ ಶೋಚನೀಯವಾಗಿತ್ತು. 1781ರಲ್ಲಿ ಜಾರಿಗೆ ಬಂದ ಒಕ್ಕೂಟದ ಕರಾರಿನ ಪ್ರಕಾರ ಕಾಂಗ್ರೆಸ್ಸಿಗೆ ತೆರಿಗೆ ವಿಧಿಸುವ ಅಧಿಕಾರವಿರಲಿಲ್ಲ. ಹದಿಮೂರು ರಾಜ್ಯಗಳ ಮುಂದೆ ಕೈಯೊಡ್ಡಬೇಕಾಗಿತ್ತು. ಕೊಡದಿದ್ದರೆ ಕೇಳುವವರಿಲ್ಲ. ಕರಾರನ್ನು ತಿದ್ದಲು ಹದಿಮೂರೂ ರಾಜ್ಯಗಳು ಒಪ್ಪಬೇಕು. ಒಂದು ರಾಜ್ಯ ತಲೆಯಲ್ಲಾಡಿಸಿದರೆ ಎಲ್ಲವೂ ನಿಂತಿತು. ಮ್ಯಾಸಚೂಸೆಟ್ಸ್‌ನಲ್ಲಿ ಸಾಲದ ಹೊರೆಯಿಂದ ಬೆಂದ ರೈತರು 1786ರಲ್ಲಿ ದಂಗೆಯೆದ್ದು ನ್ಯಾಯಾಲಯಗಳನ್ನು ಮುಚ್ಚಿಸಿದರು. ಪ್ಯಾರಿಸ್ಸಿನಲ್ಲಿದ್ದ ಜೆಫರ್ಸನ್ನರು ಕಳುಹಿಸಿದ ಪುಸ್ತಕಗಳನ್ನು ಮುಂದಿಟ್ಟುಕೊಂಡು ಮ್ಯಾಡಿಸನ್ನರು ಮಾಂಟ್‌ಪೀಲಿಯರಿನಲ್ಲಿ ಕುಳಿತರು. ಪ್ರಾಚೀನ ಗ್ರೀಸಿನ ಒಕ್ಕೂಟಗಳಿಂದ ಹಿಡಿದು ಹಾಲೆಂಡ್, ಸ್ವಿಟ್ಜರ್ಲೆಂಡ್‌ಗಳವರೆಗೆ ಒಂದೊಂದು ಒಕ್ಕೂಟವೂ ಎಲ್ಲಿ ಗಟ್ಟಿಯಾಗಿತ್ತು, ಎಲ್ಲಿ ಬಿರುಕುಬಿಟ್ಟಿತು ಎಂಬುದನ್ನು ಟಿಪ್ಪಣಿ ಮಾಡಿಕೊಂಡರು. ಅನಂತರ ತಮ್ಮ ದೇಶದ ವ್ಯವಸ್ಥೆಯ ದೋಷಗಳನ್ನು ವೈದ್ಯನು ರೋಗಲಕ್ಷಣಗಳನ್ನು ಬರೆದಂತೆ ಒಂದೊಂದಾಗಿ ಪಟ್ಟಿಮಾಡಿದರು.

1787ರ ಮೇ ತಿಂಗಳಲ್ಲಿ ಫಿಲಡೆಲ್ಫಿಯಾ ನಗರದಲ್ಲಿ ಸಂವಿಧಾನ ಸಭೆ ಸೇರಿತು. ರೋಡ್ ಐಲೆಂಡ್ ರಾಜ್ಯವೊಂದನ್ನು ಬಿಟ್ಟು ಉಳಿದ ಹನ್ನೆರಡು ರಾಜ್ಯಗಳಿಂದ 55 ಪ್ರತಿನಿಧಿಗಳು ಬಂದರು. ವಾಷಿಂಗ್ಟನ್ನರು ಅಧ್ಯಕ್ಷತೆ ವಹಿಸಿದರು. ಎಲ್ಲರಿಗಿಂತ ಮೊದಲೇ ಬಂದಿಳಿದವರಲ್ಲಿ ಮ್ಯಾಡಿಸನ್ನರೂ ಒಬ್ಬರು. ಹಳೆಯ ಕರಾರಿಗೆ ತೇಪೆ ಹಾಕದೆ ಹೊಸ ಆಡಳಿತವನ್ನೇ ನಿರ್ಮಿಸಬೇಕೆಂಬ ವರ್ಜೀನಿಯಾ ಯೋಜನೆಯನ್ನು ಎಡ್ಮಂಡ್ ರಾಂಡಾಲ್ಫರು ಮಂಡಿಸಿದರಾದರೂ ಅದರ ಹಿಂದಿನ ಚಿಂತನೆ ಮುಖ್ಯವಾಗಿ ಮ್ಯಾಡಿಸನ್ನರದು. ಗುಪ್ತವಾಗಿ ನಡೆದ ಆ ಸಭೆಯಲ್ಲಿ ಅವರು ಮುಂದಿನ ಸಾಲಿನಲ್ಲಿ ಕುಳಿತು ಪ್ರತಿಯೊಬ್ಬರ ವಾದವನ್ನೂ ಗುರುತುಹಾಕಿಕೊಂಡು, ದಿನದಿನವೂ ಬಿಡಿಸಿ ಬರೆದಿಟ್ಟರು. ಅಂದಿನ ಚರ್ಚೆಯ ಬಗ್ಗೆ ಲೋಕಕ್ಕೆ ಇಂದು ತಿಳಿದಿರುವುದರ ಬಹುಪಾಲು ಆ ಶ್ರಮದ ಫಲ.

ಆ ಸಭೆಯಲ್ಲಿ ಅವರು ಗೆದ್ದದ್ದಕ್ಕಿಂತ ಸೋತದ್ದು ಕಡಿಮೆಯೇನಲ್ಲ. ಶಾಸಕಾಂಗದ ಎರಡು ಸದನಗಳಲ್ಲಿಯೂ ಜನಸಂಖ್ಯೆಗೆ ತಕ್ಕಂತೆ ಸ್ಥಾನಗಳಿರಬೇಕೆಂದು ಅವರು ವಾದಿಸಿದರು. ಜುಲೈ 16ರ ಒಪ್ಪಂದದಂತೆ ಸೆನೆಟ್ಟಿನಲ್ಲಿ ದೊಡ್ಡ ರಾಜ್ಯಕ್ಕೂ ಸಣ್ಣ ರಾಜ್ಯಕ್ಕೂ ಸಮಾನ ಸ್ಥಾನ ದೊರೆಯಿತು. ರಾಜ್ಯಗಳ ಕಾನೂನನ್ನು ತಡೆಯುವ ಅಧಿಕಾರ ಕಾಂಗ್ರೆಸ್ಸಿಗಿರಬೇಕೆಂದರು, ಅದೂ ನಡೆಯಲಿಲ್ಲ. ಅವರು ಮುನಿದು ಹೊರನಡೆಯಲಿಲ್ಲ. ಸೆಪ್ಟೆಂಬರ್ 17ರಂದು ಸಹಿ ಹಾಕಿದ 39 ಪ್ರತಿನಿಧಿಗಳಲ್ಲಿ ಅವರೂ ಒಬ್ಬರು.

ಆ ಸಂವಿಧಾನದ ಮೂಲತತ್ತ್ವ ಸರಳವಾದುದು. ಕಾನೂನು ಮಾಡುವವರು ಒಬ್ಬರು, ಅದನ್ನು ನಡೆಸುವವರು ಇನ್ನೊಬ್ಬರು, ಅದರಂತೆ ತೀರ್ಪು ಕೊಡುವವರು ಮತ್ತೊಬ್ಬರು. ಆದರೆ ಕಾಗದದ ಮೇಲೆ ಗೆರೆ ಎಳೆದ ಮಾತ್ರಕ್ಕೆ ಅಧಿಕಾರವು ತನ್ನ ಎಲ್ಲೆಯೊಳಗೆ ನಿಲ್ಲದೆಂದು ಮ್ಯಾಡಿಸನ್ನರು ಬಲ್ಲವರಾಗಿದ್ದರು. ಆದುದರಿಂದ ಒಂದೊಂದು ಅಂಗದ ಕೈಯಲ್ಲಿಯೂ ಇನ್ನೊಂದನ್ನು ತಡೆಯುವ ಸಾಧನವಿರಬೇಕು. ಎರಡೂ ಸದನಗಳು ಒಪ್ಪಿದ ಮಸೂದೆಯನ್ನು ಅಧ್ಯಕ್ಷರು ತಿರಸ್ಕರಿಸಬಹುದು. ಎರಡೂ ಸದನಗಳು ಮೂರನೆಯ ಎರಡರಷ್ಟು ಬಹುಮತದಿಂದ ಆ ತಿರಸ್ಕಾರವನ್ನು ಮೀರಬಹುದು. ನ್ಯಾಯಾಧೀಶರನ್ನು ಅಧ್ಯಕ್ಷರು ಆರಿಸಿದರೂ ಸೆನೆಟ್ಟಿನ ಸಮ್ಮತಿ ಬೇಕು. ಸೈನ್ಯಕ್ಕೆ ಅಧ್ಯಕ್ಷರೇ ಮಹಾದಂಡನಾಯಕರು. ಆದರೆ ಅದರ ವೆಚ್ಚಕ್ಕೆ ಹಣ ಮಂಜೂರು ಮಾಡುವುದು ಕಾಂಗ್ರೆಸ್ಸು, ಅದೂ ಒಂದು ಸಲಕ್ಕೆ ಎರಡು ವರ್ಷಗಳನ್ನು ಮೀರದಂತೆ. ಅಧ್ಯಕ್ಷರೇ ತಪ್ಪಿ ನಡೆದರೆ ಪ್ರತಿನಿಧಿ ಸಭೆ ದೋಷಾರೋಪ ಹೊರಿಸುತ್ತದೆ, ಸೆನೆಟ್ಟು ವಿಚಾರಣೆ ನಡೆಸುತ್ತದೆ. ಹೀಗೆ ಒಬ್ಬರ ಮಹತ್ವಾಕಾಂಕ್ಷೆಯೇ ಇನ್ನೊಬ್ಬರ ಮಹತ್ವಾಕಾಂಕ್ಷೆಗೆ ತಡೆಗೋಡೆಯಾಗುತ್ತದೆ.

ಈ ಸಂವಿಧಾನವನ್ನು ಜನರು ಒಪ್ಪುವಂತೆ ಮಾಡಲು ಅಲೆಗ್ಸಾಂಡರ್ ಹ್ಯಾಮಿಲ್ಟನ್, ಜಾನ್ ಜೇ ಮತ್ತು ಮ್ಯಾಡಿಸನ್ ಮೂವರೂ ಒಂದೇ ಗುಪ್ತನಾಮದಲ್ಲಿ ನ್ಯೂಯಾರ್ಕಿನ ಪತ್ರಿಕೆಗಳಿಗೆ ಲೇಖನಗಳನ್ನು ಬರೆದರು. ಒಟ್ಟು 85 ಲೇಖನಗಳ ಆ ಮಾಲೆಯೇ ಫೆಡರಲಿಸ್ಟ್. ಗಣರಾಜ್ಯವು ಸಣ್ಣ ದೇಶಕ್ಕೆ ಮಾತ್ರ ಹೊಂದುವುದೆಂಬ ಹಳೆಯ ಅಭಿಪ್ರಾಯವನ್ನು ಮ್ಯಾಡಿಸನ್ನರು ಹತ್ತನೆಯ ಲೇಖನದಲ್ಲಿ ತಲೆಕೆಳಗು ಮಾಡಿದರು. ಸಣ್ಣ ನಾಡಿನಲ್ಲಿ ಒಂದು ಬಣ ಸುಲಭವಾಗಿ ಬಹುಮತ ಪಡೆದು ಉಳಿದವರನ್ನು ತುಳಿಯಬಲ್ಲದು. ವಿಶಾಲ ರಾಷ್ಟ್ರದಲ್ಲಿ ಪಂಥ, ಕಸುಬು, ಹಿತಾಸಕ್ತಿಗಳು ಅನೇಕವಾಗಿರುವುದರಿಂದ ಅನ್ಯಾಯಕ್ಕಾಗಿ ಒಗ್ಗೂಡುವುದು ಕಷ್ಟ ಎಂಬುದು ಅವರ ವಾದದ ತಿರುಳು.

ವರ್ಜೀನಿಯಾದ ಅನುಮೋದನ ಸಭೆಯಲ್ಲಿ ಪ್ಯಾಟ್ರಿಕ್ ಹೆನ್ರಿಯವರ ಸಿಂಹವಾಣಿಯನ್ನು ಮ್ಯಾಡಿಸನ್ನರು ತಮ್ಮ ಸಣ್ಣ ದನಿಯಲ್ಲಿಯೇ ಎದುರಿಸಿದರು. 1788ರ ಜೂನಿನಲ್ಲಿ 79ಕ್ಕೆ ಎದುರಾಗಿ 89 ಮತಗಳಿಂದ ಸಂವಿಧಾನಕ್ಕೆ ಒಪ್ಪಿಗೆ ದೊರೆಯಿತು. ಆದರೆ ಪ್ರಜೆಗಳ ಹಕ್ಕುಗಳನ್ನು ಸಂವಿಧಾನದಲ್ಲಿ ಬರೆದಿಲ್ಲವೆಂಬ ಆಕ್ಷೇಪ ಉಳಿಯಿತು. ಬಹುಮತವು ಸಿಡಿದೆದ್ದಾಗ ಅಂಥ ಪಟ್ಟಿಗಳು ಚರ್ಮಕಾಗದದ ಬೇಲಿಗಳಷ್ಟೇ ಎಂಬುದು ಮ್ಯಾಡಿಸನ್ನರ ಮೊದಲಿನ ಅಭಿಪ್ರಾಯ. ಜೆಫರ್ಸನ್ನರ ಪತ್ರಗಳೂ ಊರಿನ ಬ್ಯಾಪ್ಟಿಸ್ಟ್ ಮತದಾರರ ಆತಂಕವೂ ಅವರ ಮನಸ್ಸನ್ನು ಬದಲಿಸಿದವು. ಜೇಮ್ಸ್ ಮನ್ರೋ ಅವರ ಎದುರು ಸ್ಪರ್ಧಿಸಿ, ಹಕ್ಕುಗಳನ್ನು ಸೇರಿಸುವೆನೆಂದು ಮಾತುಕೊಟ್ಟು ಪ್ರತಿನಿಧಿ ಸಭೆಗೆ ಆರಿಸಿಬಂದರು. ಕೊಟ್ಟ ಮಾತಿನಂತೆ 1789ರ ಜೂನ್ 8ರಂದು ತಿದ್ದುಪಡಿಗಳನ್ನು ಮಂಡಿಸಿದರು. ಸಭೆಗೆ ಆಸಕ್ತಿಯಿರಲಿಲ್ಲ, ಅವರು ಬೆನ್ನುಬಿಡಲಿಲ್ಲ. ಕಾಂಗ್ರೆಸ್ಸು ರಾಜ್ಯಗಳಿಗೆ ಕಳುಹಿಸಿದ ಹನ್ನೆರಡು ತಿದ್ದುಪಡಿಗಳಲ್ಲಿ ಹತ್ತು 1791ರ ಡಿಸೆಂಬರ್ 15ರಂದು ಜಾರಿಗೆ ಬಂದವು. ಮತ, ವಾಕ್ಕು, ಪತ್ರಿಕೆ, ಸಭೆ ಸೇರುವಿಕೆ, ನ್ಯಾಯಸಮ್ಮತ ವಿಚಾರಣೆ ಮೊದಲಾದವನ್ನು ಕಾಯುವ ಹಕ್ಕುಗಳ ಮಸೂದೆ ಅದೇ. ಶಾಸಕರ ಸಂಬಳಕ್ಕೆ ಸಂಬಂಧಿಸಿದ ಇನ್ನೊಂದು ತಿದ್ದುಪಡಿ ಎರಡು ಶತಮಾನ ಕಾದು 1992ರಲ್ಲಿ ಇಪ್ಪತ್ತೇಳನೆಯದಾಗಿ ಸೇರಿತು.

ಮುಂದಿನ ಅಧಿಕಾರ ಜೀವನದಲ್ಲಿ ಏಳುಬೀಳುಗಳು ಅನೇಕ. 1801ರಿಂದ ಎಂಟು ವರ್ಷ ಜೆಫರ್ಸನ್ನರ ವಿದೇಶಾಂಗ ಕಾರ್ಯದರ್ಶಿಗಳಾಗಿದ್ದರು. ಅವರನ್ನು ಪ್ರತಿವಾದಿಯಾಗಿ ಮಾಡಿ ಮಾರ್ಬರಿ ಎಂಬವರು ಹೂಡಿದ ದಾವೆಯಲ್ಲಿಯೇ, ಸಂವಿಧಾನಕ್ಕೆ ವಿರುದ್ಧವಾದ ಕಾನೂನು ಅಸಿಂಧುವೆಂದು ಸಾರುವ ಅಧಿಕಾರವನ್ನು ಸರ್ವೋಚ್ಚ ನ್ಯಾಯಾಲಯವು 1803ರಲ್ಲಿ ಸ್ಥಾಪಿಸಿತು. 1809ರಿಂದ 1817ರವರೆಗೆ ಮ್ಯಾಡಿಸನ್ನರು ರಾಷ್ಟ್ರದ ನಾಲ್ಕನೆಯ ಅಧ್ಯಕ್ಷರು. 1812ರಲ್ಲಿ ಬ್ರಿಟನ್ನಿನೊಡನೆ ಯುದ್ಧವಾಯಿತು. 1814ರ ಆಗಸ್ಟಿನಲ್ಲಿ ಶತ್ರುಸೈನ್ಯ ರಾಜಧಾನಿಯನ್ನು ಹೊಕ್ಕು ಅಧ್ಯಕ್ಷರ ನಿವಾಸಕ್ಕೇ ಬೆಂಕಿಯಿಟ್ಟಿತು. ಅಂಥ ಸಂಕಟದಲ್ಲಿಯೂ ತಮ್ಮನ್ನು ಕಟುವಾಗಿ ನಿಂದಿಸುತ್ತಿದ್ದ ಪತ್ರಿಕೆಗಳ ಬಾಯಿಯನ್ನು ಕಾನೂನಿನ ಬಲದಿಂದ ಮುಚ್ಚಿಸಲು ಅವರು ಮುಂದಾಗಲಿಲ್ಲ. ತಾವು ಬರೆದ ನಿಯಮಕ್ಕೆ ತಾವೇ ಮೊದಲು ಬದ್ಧರಾಗಿ ನಡೆದರು.

ಆದರೆ ಒಂದು ವಿಷಯದಲ್ಲಿ ಅವರ ಬಾಳು ಅವರ ತತ್ತ್ವವನ್ನು ಮುಟ್ಟಲಿಲ್ಲ. ಮನುಷ್ಯರು ಮನುಷ್ಯರ ಸೊತ್ತೆಂಬ ಭಾವನೆ ಸಂವಿಧಾನದ ಮಾತಿನಲ್ಲಿ ನುಸುಳಬಾರದೆಂದು ಫಿಲಡೆಲ್ಫಿಯಾದಲ್ಲಿ ವಾದಿಸಿದವರು ಅವರೇ. ಆಫ್ರಿಕದಿಂದ ಗುಲಾಮರನ್ನು ತರುವ ವ್ಯಾಪಾರಕ್ಕೆ 1808ರವರೆಗೆ ಅವಕಾಶ ಕೊಟ್ಟುದನ್ನು ವಿರೋಧಿಸಿದವರೂ ಅವರೇ. ಆದರೂ ಸ್ಥಾನಗಳ ಲೆಕ್ಕದಲ್ಲಿ ಐವರು ಗುಲಾಮರನ್ನು ಮೂವರೆಂದು ಎಣಿಸಿ ಅವರ ಒಡೆಯರಿಗೆ ಬಲ ಕೊಟ್ಟ ಒಪ್ಪಂದಕ್ಕೆ ಸಮ್ಮತಿಸಿದರು. 1783ರಲ್ಲಿ ಬಿಲ್ಲಿ ಎಂಬ ತಮ್ಮ ಸೇವಕನು ಸ್ವಾತಂತ್ರ್ಯವನ್ನು ಬಯಸಿದ್ದು ಅಪರಾಧವಲ್ಲವೆಂದು ತಂದೆಗೆ ಬರೆದರು. ಆದರೂ ಅವನನ್ನು ಬಿಡುಗಡೆ ಮಾಡದೆ, ಕೆಲವು ವರ್ಷಗಳ ದುಡಿಮೆಯ ಬಳಿಕ ಬಿಡುಗಡೆ ದೊರೆಯುವ ಪೆನ್ಸಿಲ್ವೇನಿಯಾದಲ್ಲಿ ಮಾರಿದರು. ಮಾಂಟ್‌ಪೀಲಿಯರಿನಲ್ಲಿ ಸುಮಾರು ನೂರು ಮಂದಿ ಗುಲಾಮರ ದುಡಿಮೆಯ ಮೇಲೆ ಅವರ ಮನೆತನ ನಿಂತಿತ್ತು. ಮರಣಶಾಸನದಲ್ಲಿಯೂ ಒಬ್ಬರನ್ನೂ ಅವರು ಬಿಡುಗಡೆ ಮಾಡಲಿಲ್ಲ.

ಅವರ ಕೊನೆಯ ಗಳಿಗೆಯಲ್ಲಿ ಸನಿಹದಲ್ಲಿದ್ದವರು ಪಾಲ್ ಜೆನ್ನಿಂಗ್ಸ್ ಎಂಬ ಗುಲಾಮ ಸೇವಕರು. ಮ್ಯಾಡಿಸನ್ನರ ಪತ್ನಿ ಡಾಲಿಯವರು ಮುಂದೆ ಅವರನ್ನು ಮಾರಿದರು. ಸೆನೆಟರ್ ಡೇನಿಯಲ್ ವೆಬ್‌ಸ್ಟರರು 1847ರಲ್ಲಿ ಹಣ ತೆತ್ತು ಬಿಡಿಸಿಕೊಂಡರು. ಆ ಹಣವನ್ನು ಜೆನ್ನಿಂಗ್ಸರು ದುಡಿದು ತೀರಿಸಿದರು. ಬಡತನಕ್ಕೆ ಇಳಿದಿದ್ದ ಡಾಲಿಯವರಿಗೆ ತಮ್ಮ ಕೈಯಿಂದಲೇ ಆಗಾಗ ಸ್ವಲ್ಪ ಹಣ ಕೊಟ್ಟವರೂ ಆ ಜೆನ್ನಿಂಗ್ಸರೇ. 1865ರಲ್ಲಿ ಪ್ರಕಟವಾದ ಅವರ ನೆನಪುಗಳ ಕಿರುಹೊತ್ತಗೆಯಲ್ಲಿ ಹಳೆಯ ಒಡೆಯರ ಬಗ್ಗೆ ಕಹಿಯ ಮಾತಿಲ್ಲ. ಯಾರ ಔದಾರ್ಯ ಹಿರಿದೆಂಬುದನ್ನು ಅಳೆಯುವುದು ಓದುವವರಿಗೆ ಬಿಟ್ಟದ್ದು.

ನಿವೃತ್ತಿಯ ನಂತರ ಮ್ಯಾಡಿಸನ್ನರು ಜೆಫರ್ಸನ್ನರು ಸ್ಥಾಪಿಸಿದ ವರ್ಜೀನಿಯಾ ವಿಶ್ವವಿದ್ಯಾನಿಲಯದ ಹೊಣೆಯನ್ನು 1826ರಿಂದ ಹೊತ್ತು ನಡೆಸಿದರು. ಸಂವಿಧಾನದ ಜನಕರೆಂದು ಹೊಗಳಿದವರಿಗೆ, ಅದು ಅನೇಕರ ಬುದ್ಧಿ, ಅನೇಕರ ಕೈಗಳ ಕೆಲಸವೆಂದು ಉತ್ತರಿಸಿದರು. 1836ನೆಯ ಇಸವಿ ಜೂನ್ 28ರಂದು ತಮ್ಮ 85ನೆಯ ವಯಸ್ಸಿನಲ್ಲಿ ತೀರಿಕೊಂಡರು. ಸಂವಿಧಾನಕ್ಕೆ ಸಹಿ ಹಾಕಿದವರಲ್ಲಿ ಕೊನೆಯವರೆಗೆ ಉಳಿದಿದ್ದವರು ಅವರೇ. ಫಿಲಡೆಲ್ಫಿಯಾದ ಟಿಪ್ಪಣಿಗಳು ಬೆಳಕು ಕಂಡದ್ದು 1840ರಲ್ಲಿ.

ಅವರು ಬಿಟ್ಟುಹೋದ ಕೆಲಸವನ್ನು ರಾಷ್ಟ್ರವು ಭೀಕರ ಅಂತರ್ಯುದ್ಧದ ಬೆಲೆ ತೆತ್ತು ಮುಂದುವರಿಸಿತು. 1865ರ ಹದಿಮೂರನೆಯ ತಿದ್ದುಪಡಿ ಗುಲಾಮಗಿರಿಯನ್ನು ಅಳಿಸಿತು; 1868ರ ಹದಿನಾಲ್ಕನೆಯದು ರಾಜ್ಯಗಳಿಂದಲೂ ಪ್ರಜೆಗೆ ಸಮಾನ ರಕ್ಷಣೆಯನ್ನು ವಿಧಿಸಿತು. ರಾಜ್ಯಗಳೂ ಅಂತಃಸಾಕ್ಷಿ ಹಾಗೂ ಪತ್ರಿಕಾ ಸ್ವಾತಂತ್ರ್ಯಗಳನ್ನು ಮುರಿಯಬಾರದೆಂದು 1789ರಲ್ಲಿ ಮ್ಯಾಡಿಸನ್ನರು ಸೂಚಿಸಿ ಸೆನೆಟ್ಟಿನಲ್ಲಿ ಸೋತಿದ್ದರು. ಆ ಆಸೆಯನ್ನು ಇಪ್ಪತ್ತನೆಯ ಶತಮಾನದಲ್ಲಿ ನ್ಯಾಯಾಲಯವು ಇದೇ ತಿದ್ದುಪಡಿಯ ಮೂಲಕ ಈಡೇರಿಸಿತು. ಮಂಗಳೂರಿನಲ್ಲಿ ಜನಿಸಿದ ಸರ್ ಬೆನಗಲ್ ನರಸಿಂಗ ರಾಯರು ಭಾರತದ ಸಂವಿಧಾನ ಸಭೆಯ ಸಲಹೆಗಾರರಾಗಿ 1947ರಲ್ಲಿ ಅಮೆರಿಕಕ್ಕೆ ಹೋದಾಗ, ಅಲ್ಲಿಯ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರರೊಡನೆ ಚರ್ಚಿಸಿದ ವಿಷಯಗಳಲ್ಲಿ ಒಂದು, ಮ್ಯಾಡಿಸನ್ನರ ಐದನೆಯ ತಿದ್ದುಪಡಿಯಲ್ಲಿ ಬರುವ ನ್ಯಾಯೋಚಿತ ಕಾನೂನುಕ್ರಮವೆಂಬ ತತ್ತ್ವವೇ.

ಮಾನವನ ಒಳ್ಳೆಯತನವನ್ನು ಮಾತ್ರ ನಂಬಿದ ಆಡಳಿತ ಉಳಿಯದು. ಒಳ್ಳೆಯತನವೇ ಇಲ್ಲವೆಂದು ಬಗೆದ ಆಡಳಿತ ಹುಟ್ಟಲೇ ಆರದು. ಇವೆರಡರ ನಡುವೆ ಮ್ಯಾಡಿಸನ್ನರು ದಾರಿ ತೋರಿಸಿದರು. ತನ್ನನ್ನು ಕಟ್ಟಿದವರ ತಪ್ಪನ್ನೂ ತಿದ್ದಿಕೊಳ್ಳಲು ಸಂವಿಧಾನದಲ್ಲಿ ಬಾಗಿಲು ತೆರೆದಿರಬೇಕು. ಆ ಬಾಗಿಲನ್ನು ಅವರು ತೆರೆದಿಟ್ಟುಹೋದರು. ಅದರೊಳಗಿಂದ ನಡೆದುಬಂದವರಲ್ಲಿ ಅವರ ಮನೆಯ ಗುಲಾಮರ ಮಕ್ಕಳು ಮೊಮ್ಮಕ್ಕಳೂ ಇದ್ದರು.